ಅಪ್ಪನಿಗೆ ನಾನು ಹಚ್ಚಿದ ಡ್ಯೂಟಿ

ಮೊದಲೇ ಹೇಳಿಬಿಡುತ್ತೇನೆ, ದೆವ್ವದ ಕಥೆ ಕಟ್ಟುವಷ್ಟು ಪುರುಸೊತ್ತು ನನಗಿಲ್ಲ. ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ನಾನು ಫಿಟ್ಟರ್. ಯಂತ್ರ ಸದ್ದು ಮಾಡಿದರೆ ಬಿಚ್ಚುವುದು, ಎಲ್ಲಿ ಸವೆದಿದೆ ಎಂದು ಹುಡುಕುವುದು, ಸರಿ ಮಾಡಿ ಮುಚ್ಚುವುದು, ನನಗೆ ಗೊತ್ತಿರುವ ವಿದ್ಯೆ ಇಷ್ಟೇ. ಇಷ್ಟು ವರ್ಷದಲ್ಲಿ ಕಾರಣವಿಲ್ಲದೆ ಸದ್ದು ಮಾಡಿದ ಯಂತ್ರವನ್ನು ನಾನು ನೋಡಿಲ್ಲ. ಹಾಗಾಗಿ ಈಗ ಹೇಳುವುದನ್ನು ನಂಬಲಿಕ್ಕೆ ಎಲ್ಲರಿಗಿಂತ ಹೆಚ್ಚು ಕಷ್ಟಪಟ್ಟವನು ನಾನೇ.

ಇದು ನಡೆದದ್ದು ಹೋದ ಚಳಿಗಾಲದಲ್ಲಿ. ನನ್ನ ಹೆಂಡತಿ ಮಹಾದೇವಿ ಇದಕ್ಕೆ ಸಾಕ್ಷಿ. ಕಮಲಾಪುರದಲ್ಲಿರುವ ಶರಣಪ್ಪ ಕಾಕಾ, ಅಂದರೆ ಅಪ್ಪನ ತಮ್ಮ, ಅವನೂ ಸಾಕ್ಷಿ. ಆದರೆ ಕಾಕಾನಿಗೆ ಗೊತ್ತಿರುವುದು ಅರ್ಧ ಮಾತ್ರ. ಉಳಿದರ್ಧ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ...

ಅಪ್ಪ ಫೌಜಿನಲ್ಲಿ, ಅಂದರೆ ಸೈನ್ಯದಲ್ಲಿ, ಹವಾಲ್ದಾರ್ ಆಗಿದ್ದ. ಮುಂದಿನ ಪದವಿ ಇನ್ನೇನು ಕೈಗೆ ಬರುವುದರಲ್ಲಿತ್ತಂತೆ, ಅಷ್ಟರಲ್ಲಿ ಅವ್ವ ತೀರಿಕೊಂಡಳು. ನನಗಾಗ ಒಂಬತ್ತು ವರ್ಷ. ಅಪ್ಪ ರಾಜೀನಾಮೆಯ ಕಾಗದ ಕೊಟ್ಟು ಊರಿಗೆ ಬಂದುಬಿಟ್ಟ. ಇನ್ನೊಂದು ಮದುವೆ ಮಾಡಿಕೋ ಎಂದು ಬಳಗದವರು ಗಂಟುಬಿದ್ದಾಗ, "ಒಂದ್ ಪೋಸ್ಟಿಗಿ ಒಬ್ಬ ಸಂತ್ರಿ ಸಾಕು" ಎಂದು, ಒಂದು ಜಾಗಕ್ಕೆ ಒಬ್ಬ ಕಾವಲುಗಾರ ಸಾಕೆನ್ನುವಂತೆ, ಬಾಯಿ ಮುಚ್ಚಿಸಿದ. ರೊಟ್ಟಿ ಬಡಿಯುವುದನ್ನು ತಾನೇ ಕಲಿತ. ಮೊದಲ ತಿಂಗಳು ಅವು ಯಾವ ಆಕಾರದಲ್ಲಿ ಇರುತ್ತಿದ್ದವೋ ದೇವರಿಗೇ ಗೊತ್ತು, ಆದರೆ ಬಿಸಿಬಿಸಿ ಇರುತ್ತಿದ್ದವು. ನನಗೆ ಪರೀಕ್ಷೆ ಇದ್ದ ದಿನ ಶಾಲೆಯ ಗೇಟಿನ ಹೊರಗೆ ಮೂರು ತಾಸೂ ನೆಟ್ಟಗೆ ನಿಂತಿರುತ್ತಿದ್ದ. ಯಾರೋ ದೊಡ್ಡ ಸಾಹೇಬರು ತಪಾಸಣೆಗೆ ಬಂದಿದ್ದಾರೆಂದು ಮಾಸ್ತರರು ಒಳಗೆ ಬೆವರುತ್ತಿದ್ದರು.

ಅಂಥ ಅಪ್ಪನಿಗೆ ಎಪ್ಪತ್ತು ದಾಟಿದ ಮೇಲೆ ಮರೆವು ಹಿಡಿಯಿತು. ಮೊದಲು ನಿನ್ನೆ ಮೊನ್ನೆಯದು ಹೋಯಿತು. ಆಮೇಲೆ ಮಹಾದೇವಿಯ ಹೆಸರು ಹೋಯಿತು. ಕೊನೆಗೆ ನಾನೂ ಹೋದೆ. ಫೌಜು ಒಂದೇ ಉಳಿಯಿತು.

ಕುಸನೂರ ರಸ್ತೆಯ ನಮ್ಮ ಮನೆಯಲ್ಲಿ ನಾವು ಮೂವರೇ. ರಾತ್ರಿ ಹತ್ತಾದರೆ ಸಾಕು, ಅಪ್ಪ ಕೈಚೀಲ ಹಿಡಿದು ಬಾಗಿಲಿಗೆ ಬರುತ್ತಿದ್ದ. ಗಾಡಿ ತಪ್ಪುತ್ತದೆ, ಯೂನಿಟ್ಟಿಗೆ ಹೋಗಬೇಕು ಎನ್ನುತ್ತಿದ್ದ. ಒಮ್ಮೆ ಹೇಗೋ ಹೊರಬಿದ್ದು ಹುಮನಾಬಾದ್ ರಸ್ತೆಯಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದಾಗ ಚಹಾದಂಗಡಿಯವನೊಬ್ಬ ಗುರುತು ಹಿಡಿದು ಕೂರಿಸಿಕೊಂಡಿದ್ದ. ಅಂದಿನಿಂದ ಪಡಸಾಲೆಯ ಗ್ರಿಲ್ಲಿಗೆ ಬೀಗ ಹಾಕಿದೆ. ಅಪ್ಪ ರಾತ್ರಿಯಿಡೀ ಆ ಗ್ರಿಲ್ ಹಿಡಿದು ಅಲುಗಾಡಿಸುತ್ತ, ನನ್ನನ್ನು ಕೈದು ಮಾಡಿದ್ದಾರೆ ಎಂದು ಅಳುತ್ತಿದ್ದ. ನನ್ನ ಅಪ್ಪ ಅತ್ತದ್ದನ್ನು ನಾನು ಆವರೆಗೆ ಕಂಡಿರಲಿಲ್ಲ.

ಒಂದು ರಾತ್ರಿ ನನಗೆ ತಡೆಯಲಾಗಲಿಲ್ಲ. ಸಿಟ್ಟಿಗೋ ಸಂಕಟಕ್ಕೋ, ಹಿಮ್ಮಡಿ ಜೋಡಿಸಿ ಅವನೆದುರು ನೆಟ್ಟಗೆ ನಿಂತೆ.

"ಹವಾಲ್ದಾರ್ ಸಾಬ್, ಇವತ್ತ ಗೇಟ್ ಮ್ಯಾಗ ನಿಮ್ಮ ಡ್ಯೂಟಿ ಅದ. ಹತ್ತರಿಂದ ಹನ್ನೆರಡರ ತನಕ. ನಾ ಬಂದು ಬದ್ಲಿ ಮಾಡೋ ತನಕ ಪೋಸ್ಟ್ ಬಿಡಬ್ಯಾಡ್ರಿ."

ಅಪ್ಪನ ಅಳು ನಿಂತಿತು. ಬೆನ್ನು ನೆಟ್ಟಗಾಯಿತು. ಪಡಸಾಲೆಯ ಕುರ್ಚಿಯಲ್ಲಿ ಗೇಟಿನ ಕಡೆ ಮುಖ ಮಾಡಿ ಕೂತ, ಬಲಗೈಯಲ್ಲಿ ಊರುಗೋಲು. ಹನ್ನೆರಡರ ತನಕ ಅಲ್ಲಾಡಲಿಲ್ಲ. ನಡುನಡುವೆ ಶಹಾಬಾದ್ ಕಲ್ಲಿನ ನೆಲದ ಮೇಲೆ ಎರಡು ಸಲ ಕೋಲು ಬಡಿಯುತ್ತಿದ್ದ, ಎಚ್ಚರ ಇದ್ದೇನೆ ಎಂದು ತಿಳಿಸಲಿಕ್ಕೆ. ಠಕ್, ಠಕ್...

ಹನ್ನೆರಡಕ್ಕೆ ನಾನು ಹತ್ತಿರ ಹೋದಾಗ, "ಥಮ್. ಕೌನ್ ಆತಾ ಹೈ?" ಎಂದ. ನಿಲ್ಲು, ಯಾರು ಬರುತ್ತಿರುವುದು ಎಂದು ಕಾವಲುಗಾರ ಕೇಳುವ ಮಾತು ಅದು. ಚಿಕ್ಕವನಿದ್ದಾಗ ಅವನೇ ಆಟಕ್ಕೆಂದು ಕಲಿಸಿದ್ದ ಉತ್ತರ ನನ್ನ ಬಾಯಿಗೆ ತಾನಾಗಿ ಬಂತು.

"ದೋಸ್ತ್. ಸಂತ್ರಿ ಬದ್ಲಿ. ಡ್ಯೂಟಿ ನಂಗ ಕೊಡ್ರಿ."

"ಸಬ್ ಠೀಕ್ ಹೈ" ಎಂದು, ಎಲ್ಲ ಸರಿಯಿದೆ ಎಂಬ ವರದಿ ಒಪ್ಪಿಸಿ, ಕೋಲನ್ನು ನನ್ನ ಕೈಗೆ ಕೊಟ್ಟು, ಹಾಸಿಗೆಗೆ ಹೋಗಿ ಮಗುವಿನಂತೆ ಮಲಗಿದ. ಮಹಾದೇವಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ವರ್ಷಕ್ಕೂ ಮಿಕ್ಕಿ ಹೀಗೆಯೇ ನಡೆಯಿತು. ಹತ್ತಕ್ಕೆ ಡ್ಯೂಟಿ ಹಚ್ಚುವುದು, ಮೊಬೈಲಿನಲ್ಲಿ ಹನ್ನೆರಡಕ್ಕೆ ಅಲಾರಂ ಇಟ್ಟು ನಾನು ಒಂದು ನಿದ್ದೆ ತೆಗೆಯುವುದು, ಎದ್ದು ಬದಲಿ ಮಾಡುವುದು. ಎರಡು ನಿಮಿಷ ತಡವಾದರೂ "ತಡ ಆತು" ಎನ್ನುತ್ತಿದ್ದ. ನಾನು ಮಗ ಎಂದು ಗೊತ್ತಿರಲಿಲ್ಲ, ತಡವಾಗಿದೆ ಎಂದು ಮಾತ್ರ ಗೊತ್ತಿತ್ತು. ಬುದ್ಧಿವಂತ ಉಪಾಯ ಮಾಡಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಈಗ ಹೇಳಲು ನಾಲಿಗೆ ಏಳದ ಮಾತು.

ತೊಗರಿ ಸುಗ್ಗಿಯಲ್ಲಿ ಮಿಲ್ಲು ಹಗಲೂ ರಾತ್ರಿ ಓಡುತ್ತದೆ. ಆ ವಾರ ಎರಡೆರಡು ಪಾಳಿ ಮಾಡಿ ನನ್ನ ಮೈ ಹಿಂಡಿದ ಬಟ್ಟೆಯಾಗಿತ್ತು. ಆ ರಾತ್ರಿಯೂ ಹತ್ತಕ್ಕೆ ಅಪ್ಪನನ್ನು ಕೂರಿಸಿದೆ. ಹನ್ನೆರಡಕ್ಕೆ ಅಲಾರಂ ಹೊಡೆಯಿತು. ಕೈ ಚಾಚಿ ಅದನ್ನು ನಿಲ್ಲಿಸಿದ್ದು ನನಗೆ ನೆನಪಿದೆ. ಐದೇ ನಿಮಿಷ ಎಂದುಕೊಂಡಿದ್ದೂ ನೆನಪಿದೆ.

ಎಚ್ಚರವಾದಾಗ ಮಸೀದಿಯಲ್ಲಿ ನಸುಕಿನ ಬಾಂಗ್ ಆಗುತ್ತಿತ್ತು.

ಅಪ್ಪ ಕುರ್ಚಿಯಲ್ಲೇ ಇದ್ದ. ಬೆನ್ನು ನೆಟ್ಟಗೆ, ಕಣ್ಣು ಗೇಟಿನ ಕಡೆ ತೆರೆದೇ ಇದ್ದವು. ಡ್ಯೂಟಿಯ ಮೇಲೆ ಶಾಲು ಹೊದೆಯುತ್ತಿರಲಿಲ್ಲ, ಅಂದೂ ಹೊದ್ದಿರಲಿಲ್ಲ. ಮಣಿಕಟ್ಟು ಮುಟ್ಟಿದೆ. ಹೊರಗಿಟ್ಟ ತಂಬಿಗೆಯಷ್ಟು ತಣ್ಣಗಿತ್ತು. ಕೋಲು ಕೆಳಗೆ ಬಿದ್ದಿತ್ತು, ಆದರೆ ಬಲಗೈ ಇನ್ನೂ ಅದನ್ನು ಹಿಡಿದಂತೆಯೇ ಅರ್ಧ ಮುಚ್ಚಿಕೊಂಡಿತ್ತು. ಹೃದಯ ನಿಂತಿದೆ ಎಂದರು ಡಾಕ್ಟರು. ಎಷ್ಟು ಗಂಟೆಗೆ ಎಂದು ನಾನು ಕೇಳಲಿಲ್ಲ.

ಬಳಗಕ್ಕೆ ಸುಳ್ಳು ಹೇಳಿದೆ. ನಸುಕಿನಲ್ಲಿ ಎದ್ದು ಲಿಂಗಪೂಜೆಗೆ ಕೂತಿದ್ದ, ಕೂತಲ್ಲೇ ಹೋದ ಎಂದೆ. ಎಲ್ಲರೂ ಕೈಮುಗಿದರು. "ಕುಂತಾಂಗೇ ಹೋಗ್ಯಾನ, ಪುಣ್ಯವಂತ" ಎಂದ ಕಾಕಾ. ಆ ಮಾತು ಕೇಳುತ್ತ ನಿಂತಿದ್ದಾಗ ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಕೊಡುತ್ತೇವೆ. ಕಮಲಾಪುರದ ನಮ್ಮ ಹೊಲದಲ್ಲಿ, ಕೆಂಪು ಬಾಳೆಯ ಸಾಲಿನ ಕೊನೆಗೆ ಕುಣಿ ತೋಡಿದರು. ವಿಭೂತಿ ಹಚ್ಚಿ, ಪತ್ರಿ ಹಾಕಿ, ಎಡಗೈಯಲ್ಲಿ ಲಿಂಗ ಇಟ್ಟರು. ಕಾಲು ಮಡಚಿ ಪದ್ಮಾಸನ ಹಾಕಿಸಲು ನಾಲ್ವರು ಬೇಕಾದರು. ಬೆನ್ನನ್ನು ಮಾತ್ರ ಯಾರೂ ನೆಟ್ಟಗೆ ಮಾಡಬೇಕಾಗಿರಲಿಲ್ಲ. ಬಲಗೈ ಬಿಡಿಸಲು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಎಷ್ಟು ಉಜ್ಜಿದರೂ ಅದು ಬಿಚ್ಚಿಕೊಳ್ಳಲಿಲ್ಲ. ಮಣ್ಣು ಎಳೆಯುವಾಗ ನನ್ನ ತಲೆಯಲ್ಲಿ ಒಂದೇ ಯೋಚನೆ ಸುತ್ತುತ್ತಿತ್ತು... ಬದಲಿ ಆಗಿಲ್ಲ. ಡ್ಯೂಟಿಯ ಮೇಲೆಯೇ ಕೂತಿದ್ದಾನೆ, ಹಾಗೆಯೇ ಹೂಳುತ್ತಿದ್ದೇವೆ.

ಮೂರು ವಾರ ಕಳೆದಿರಬೇಕು. ಸಂಜೆ ಕಾಕಾನ ಫೋನು ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದ.

"ಬಸು, ರಾತ್ರಿ ಹೊಲದಾಗ ಯಾರೋ ಇರ್ತಾರಪಾ."

"ಕಳ್ಳ್ರೇನು ಕಾಕಾ? ಬಾಳಿ ಗೊನಿ ಕಡ್ಯಾಕ ಬಂದಿರ್ಬೇಕು."

"ಕಳ್ಳ್ರು ಥಮ್ ಅಂತಾರೇನು?"

ನನ್ನ ಕೈಯಲ್ಲಿದ್ದ ಚಹಾದ ಕಪ್ಪು ಅಲ್ಲೇ ನಿಂತಿತು.

ಹೊಲಗಳಿಗೆ ಮೋಟರ್ ಓಡುವ ಕರೆಂಟು ನಡುರಾತ್ರಿ ಬರುತ್ತದೆ. ನೀರು ಬಿಡಲು ಹೋದಾಗಲೆಲ್ಲ ಬಾಳೆಯ ಸಾಲಿನ ಕೊನೆಯಿಂದ ಆ ದನಿ ಬರುತ್ತದಂತೆ. ಕಾಕಾ ನಾಲ್ಕು ದಿನದಿಂದ ಹೊಲಕ್ಕೆ ಕಾಲಿಟ್ಟಿರಲಿಲ್ಲ.

"ನಮ್ಮಣ್ಣನ ದನಿ ನಂಗ ಗುರುತು ಹತ್ತಂಗಿಲ್ಲೇನು?" ಎಂದ. "ಖರೇ ಅವನೇ ಅದಾನ. ಅಂವ ಯಾಕ ಹಿಂಗ ಕಾಡಾಕತ್ತಾನ ತಿಳಿವಲ್ದು. ನಾಳೆ ಅಮಾಸಿ ಅದ. ಸಮಾಧಿ ನಾಕೂ ಮೂಲಿಗಿ ಕಬ್ಬಿಣದ ಮಳಿ ಬಡ್ದು ಕಟ್ಟು ಹಾಕ್ತೀವಿ. ನಿಂಗ ಹೇಳ್ಬೇಕಲ್ಲ, ಅದಕ ಫೋನ್ ಮಾಡೀನಿ."

ಮೊಳೆ ಬಡಿದು ಕಟ್ಟು ಹಾಕಿದರೆ ಹೋದವರು ಆ ಜಾಗ ಬಿಟ್ಟು ಅಲ್ಲಾಡುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಅಂದರೆ ಅಪ್ಪ ಅಲ್ಲೇ. ಬದಲಿಯಿಲ್ಲದೆ, ಎಂದೆಂದಿಗೂ ಅದೇ ಪೋಸ್ಟಿನ ಮೇಲೆ.

"ಇವತ್ತ ಬರ್ತೀನಿ ಕಾಕಾ. ನಾ ಬರೋ ತನಕ ಏನೂ ಮಾಡಬ್ಯಾಡ್ರಿ" ಎಂದೆ.

ಬೈಕು ಹೊರಗೆ ತೆಗೆಯುವಾಗ ಮಹಾದೇವಿ ಗೇಟು ಹಿಡಿದು ನಿಂತಳು. ಕಾಕಾ ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದ್ದೆ.

"ಮಾವಾರಿಗಿ ಅಂಜತೀರೇನ್ರೀ?"

"ಅಪ್ಪಗಲ್ಲ. ಯಾಕ ತಡ ಆತು ಅಂತ ಕೇಳಿದ್ರ ಏನ್ ಹೇಳ್ಲಿ ಅಂತ ಅಂಜಿಕಿ."

ಅವಳು ಹತ್ತಿರ ಬಂದಳು. ಮಫ್ಲರನ್ನು ನನ್ನ ಕಿವಿಯ ಮೇಲೆ ಬಿಗಿಯಾಗಿ ಸುತ್ತಿದಳು.

ಕಮಲಾಪುರ ಮುಟ್ಟಿದಾಗ ಹನ್ನೊಂದೂವರೆ. ಕಾಕಾ ಮೋಟರ್ ಕೋಣೆಯ ಹತ್ತಿರ ಕಂಬಳಿ ಹೊದ್ದು ಕಾಯುತ್ತಿದ್ದ. ಮುಂದೆ ಒಂದು ಹೆಜ್ಜೆ ಇಡಲೂ ಅವನು ಒಪ್ಪಲಿಲ್ಲ. "ನೀ ಮಗ ಇದ್ದಿ, ನಿಂಗೇನೂ ಮಾಡಂಗಿಲ್ಲ" ಎಂದ. ಹಾಗೆಂದು ಅವನಿಗೂ ಖಾತ್ರಿಯಿದ್ದಂತೆ ಕಾಣಲಿಲ್ಲ.

ಮೊಬೈಲಿನ ಬೆಳಕು ಹಿಡಿದು ಬಾಳೆಯ ಸಾಲಿನೊಳಗೆ ನಡೆದೆ. ಅಮಾವಾಸ್ಯೆಯ ಹಿಂದಿನ ರಾತ್ರಿಯ ಕತ್ತಲು. ಗಾಳಿಗೆ ಸೀಳಿದ ಎಲೆಗಳು ಒಂದಕ್ಕೊಂದು ಉಜ್ಜುತ್ತಿದ್ದವು. ಕೊಳೆತ ದಿಂಡಿನ ವಾಸನೆ. ಹಿಂದೆ ಎಲ್ಲೋ ಹೆದ್ದಾರಿಯ ಲಾರಿಗಳ ಸದ್ದು, ಅದೂ ದೂರವಾಗುತ್ತ ಹೋಯಿತು. ಅರ್ಧ ದಾರಿ ದಾಟಿರಬೇಕು, ನೋವಿನ ಎಣ್ಣೆಯ ಘಾಟು ಮೂಗಿಗೆ ಬಡಿಯಿತು. ಮಹಾದೇವಿ ದಿನಾ ಸಂಜೆ ಅಪ್ಪನ ಮಂಡಿಗೆ ತಿಕ್ಕುತ್ತಿದ್ದ ಎಣ್ಣೆ ಅದು.

ಆಗ ಕೇಳಿಸಿತು.

ಠಕ್, ಠಕ್.

ಅದು ಮಣ್ಣಿಗೆ ಕೋಲು ಬಡಿದ ಸದ್ದಲ್ಲ. ಕಲ್ಲಿಗೆ ಬಡಿದದ್ದು, ನಮ್ಮ ಪಡಸಾಲೆಯ ಶಹಾಬಾದ್ ಕಲ್ಲಿಗೆ ಬಡಿದದ್ದು. ಸದ್ದು ಗುರುತಿಸುವುದೇ ನನ್ನ ಹೊಟ್ಟೆಪಾಡು, ಅದರಲ್ಲಿ ನಾನು ತಪ್ಪುವುದಿಲ್ಲ. ಆ ಹೊಲದಲ್ಲಿ ಒಂದು ಹಾಸುಗಲ್ಲೂ ಇಲ್ಲ. ಕಾಲಿನ ಕೆಳಗೆ ಮೆತ್ತನೆಯ ಮಣ್ಣು...

"ಥಮ್."

ನಿಂತೆ. ನಿಂತೆ ಎನ್ನುವುದಕ್ಕಿಂತ ಕಾಲು ತಾವೇ ನಿಂತವು. ಬೆಳಕು ಸಮಾಧಿಯ ಮಣ್ಣಿನ ದಿಬ್ಬದ ಮೇಲಿತ್ತು. ಅಲ್ಲಿ ಒಣಗಿದ ಪತ್ರಿ ಬಿಟ್ಟರೆ ಏನೂ ಇರಲಿಲ್ಲ. ದನಿ ಬಂದದ್ದು ದಿಬ್ಬದ ಮೇಲಿಂದಲೂ ಅಲ್ಲ, ಒಳಗಿಂದಲೂ ಅಲ್ಲ. ಕುರ್ಚಿಯಲ್ಲಿ ಕೂತವನ ಬಾಯಿ ಎಷ್ಟು ಎತ್ತರದಲ್ಲಿರುತ್ತದೋ ಅಷ್ಟು ಎತ್ತರದಿಂದ ಬಂದಿತ್ತು.

"ಕೌನ್ ಆತಾ ಹೈ?"

ಓಡಿಹೋಗಬೇಕೆನಿಸಿತು. ಆ ಕ್ಷಣದಲ್ಲಿ ನಾನು ಅಪ್ಪನನ್ನು ಪ್ರೀತಿಸುತ್ತಿರಲಿಲ್ಲ, ಅದನ್ನೂ ಮುಚ್ಚಿಡದೆ ಹೇಳುತ್ತೇನೆ. ನನಗೆ ಬರೀ ಹೆದರಿಕೆಯಿತ್ತು. 

"ದೋಸ್ತ್" ಎಂದೆ. "ಸಂತ್ರಿ ಬದ್ಲಿ. ಹವಾಲ್ದಾರ್ ಸಾಬ್... ಡ್ಯೂಟಿ ನಂಗ ಕೊಡ್ರಿ."

ಎಲೆಗಳ ಸದ್ದು ನಿಂತಿತು. ಗಾಳಿ ಇದ್ದೇ ಇತ್ತು, ಮುಖಕ್ಕೆ ತಾಕುತ್ತಿತ್ತು, ಎಲೆಗಳು ಮಾತ್ರ ಅಲ್ಲಾಡುತ್ತಿರಲಿಲ್ಲ. ಎಣ್ಣೆಯ ಘಾಟು ಹತ್ತಿರವಾಯಿತು, ಇನ್ನೂ ಹತ್ತಿರವಾಯಿತು, ಆಮೇಲೆ ಕಿವಿಯ ಪಕ್ಕದಲ್ಲೇ...

"ತಡ ಆತು."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. ಬಹಳ ಹೊತ್ತು ಕೂತು ಮಂಡಿ ಹಿಡಿದುಕೊಂಡವನ ದನಿಯಿತ್ತು, ಅಷ್ಟೇ.

"ಅಪ್ಪಾ, ನಿದ್ದಿ ಹತ್ತಿತ್ತು" ಎಂದೆ. "ಅಲಾರಂ ಹೊಡ್ದಿತ್ತು ಅಪ್ಪಾ, ನಾನೇ ಬಂದ್ ಮಾಡಿ ಮಲ್ಕೊಂಡೆ. ತಪ್ಪಾಗ್ಯಾದ."

ಯಾರಿಗೂ ಹೇಳದ್ದನ್ನು ಆ ಕತ್ತಲಿಗೆ ಹೇಳಿ ಅತ್ತೆ. ಆಮೇಲೆ "ಸಬ್ ಠೀಕ್ ಹೈ" ಎಂದು ಕೇಳಿಸಿತು. ಅದರ ಹಿಂದೆಯೇ ನನ್ನ ಬಲ ಅಂಗೈಗೆ ಊರುಗೋಲಿನಂಥ ಏನೋ ಭಾರ ಬಂತು. ಕಣ್ಣಿಗೆ ಏನೂ ಕಾಣಲಿಲ್ಲ. ಬೆರಳುಗಳು ಅದರ ಸುತ್ತ ಮಡಚಿಕೊಂಡವು. ಬಿಡಿಸಲು ನೋಡಿದೆ, ಬರಲಿಲ್ಲ.

ಎಲೆಗಳು ಮತ್ತೆ ಅಲ್ಲಾಡತೊಡಗಿದವು. ಘಾಟು ಹೋಯಿತು. ಅಪ್ಪ ಹೋದ ಎಂದು ನನಗೆ ಗೊತ್ತಾಯಿತು, ಹೇಗೆ ಎಂದು ಕೇಳಿದರೆ ಹೇಳಲಾರೆ.

ಇನ್ನು ನಾನು ಮಾಡಿದ ಎರಡನೆಯ ತಪ್ಪು. ಡ್ಯೂಟಿ ಇಸಿದುಕೊಂಡವನು ಅಲ್ಲೇ ಕೂರಬೇಕಿತ್ತು. ಪೋಸ್ಟ್ ಬಿಟ್ಟು ಹೋಗುವುದಕ್ಕಿಂತ ದೊಡ್ಡ ಅಪರಾಧ ಫೌಜಿನಲ್ಲಿಲ್ಲ ಎಂದು ಅಪ್ಪ ನೂರು ಸಲ ಹೇಳಿದ್ದ. ನಾನು ಓಡಿದೆ. ಬಾಳೆಯ ದಿಂಡಿಗೆ ಡಿಕ್ಕಿ ಹೊಡೆಯುತ್ತ, ಬಿದ್ದು ಏಳುತ್ತ ಕಾಕಾನ ಹತ್ತಿರ ಬಂದು, "ಮಳಿ ಬಡಿಯೋದು ಬ್ಯಾಡ, ಅಪ್ಪ ಹೋಗ್ಯಾನ" ಎಂದಷ್ಟೇ ಹೇಳಿದೆ. ಒಂದೇ ಕೈಯಲ್ಲಿ ಬೈಕು ಹೊಡೆದುಕೊಂಡು ಮನೆ ಸೇರಿದೆ. ಬಲಗೈ ಬೆರಳು ಬಿಚ್ಚಿಕೊಂಡದ್ದು ನಸುಕಿನ ಬಾಂಗ್ ಆದ ಮೇಲೆ.

ಕಮಲಾಪುರದ ಹೊಲದಲ್ಲಿ ಅಂದಿನಿಂದ ಯಾವ ಸದ್ದೂ ಇಲ್ಲ. ಕಾಕಾ ಆರಾಮಾಗಿ ನೀರು ಬಿಡುತ್ತಾನೆ.

ಮರುದಿನ ರಾತ್ರಿ ನಾನು ಹಾಸಿಗೆಯಲ್ಲಿ ಮಲಗಿದ್ದೆ. ನಸುಕಿನಲ್ಲಿ ಬಾಂಗ್ ಆಗುತ್ತಿದ್ದಾಗ ಮಹಾದೇವಿ ಭುಜ ಹಿಡಿದು ಅಲುಗಿಸುತ್ತಿದ್ದಳು. ಕಣ್ಣು ಬಿಟ್ಟರೆ ಪಡಸಾಲೆಯ ಕುರ್ಚಿಯಲ್ಲಿದ್ದೆ. ಮುಖ ಗೇಟಿನ ಕಡೆ, ಬಲಗೈ ಅರ್ಧ ಮುಚ್ಚಿತ್ತು. ಎದ್ದು ಬಂದದ್ದು ನನಗೆ ನೆನಪಿರಲಿಲ್ಲ. ಹನ್ನೆರಡಕ್ಕೆ ಎದ್ದು ಹೋದಿರಿ, ಕರೆದರೆ ಓಗೊಡಲಿಲ್ಲ ಎಂದಳು. ಮರುರಾತ್ರಿಯೂ ಹಾಗೆಯೇ. ಅದರ ಮರುರಾತ್ರಿಯೂ. ಕುರ್ಚಿಯನ್ನು ಗುಜರಿಗೆ ಹಾಕಿದೆ, ನೆಲದ ಮೇಲೆ ಕೂತಿರುತ್ತಿದ್ದೆ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅವಳ ಕೈಗೆ ಕೊಟ್ಟೆ, ಬಾಗಿಲ ಹಿಂದೆ ನಿಂತಿರುತ್ತಿದ್ದೆ. ನಿದ್ದೆಯಲ್ಲಿ ನಡೆಯುವ ರೋಗ, ತಂದೆ ಹೋದ ದುಃಖಕ್ಕೆ ಹೀಗಾಗುತ್ತದೆ ಎಂದು ಡಾಕ್ಟರು ಮಾತ್ರೆ ಕೊಟ್ಟರು. ಮಾತ್ರೆ ನುಂಗಿಯೂ ಕೂತೆ.

ಎರಡು ತಿಂಗಳಲ್ಲಿ ನನ್ನ ಪ್ಯಾಂಟು ಸೊಂಟದ ಮೇಲೆ ನಿಲ್ಲದಂತಾಯಿತು. ಒಂದು ಮಧ್ಯಾಹ್ನ ಮಿಲ್ಲಿನಲ್ಲಿ ತೂಕಡಿಸಿ, ಓಡುತ್ತಿದ್ದ ಬೆಲ್ಟಿನೊಳಗೆ ತೋಳು ಹೋಗುವುದು ಕೂದಲೆಳೆಯಲ್ಲಿ ತಪ್ಪಿತು. ಆ ಸಂಜೆ ಮಹಾದೇವಿ ಹೇಳಿದಳು:

"ನಾ ಬದ್ಲಿ ಮಾಡ್ತೀನ್ರಿ. ವರ್ಷಗಟ್ಲೆ ದಿನಾ ಕೇಳೀನಿ, ನಂಗೂ ಆ ಮಾತ್ ಬರ್ತಾವ."

"ಬ್ಯಾಡ. ಇಸ್ಕೊಂಡವ್ರಿಗಿ ಅದು ಹತ್ತತದ."

"ಹತ್ಲಿ."

"ಮಹಾದೇವಿ, ನನ್ನಾಣಿ ಅದ. ಅದೊಂದ್ ಮಾಡಬ್ಯಾಡ."

ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನನ್ನ ಆಣೆಗೆ ಅವಳು ಎಷ್ಟು ಬೆಲೆ ಕೊಡುತ್ತಾಳೆಂದು ನನಗೆ ಗೊತ್ತಿರಬೇಕಿತ್ತು.

ಆ ರಾತ್ರಿ ಬಾವಿಯೊಳಗಿನಿಂದ ಬಂದಂತೆ ಒಂದು ದನಿ ಕೇಳಿಸಿತು. ಹೆಂಗಸಿನ ದನಿ. ದೋಸ್ತ್. ಸಂತ್ರಿ ಬದ್ಲಿ. ನನ್ನ ಬಾಯಿ ಏನೋ ಹೇಳಿತು. ಕೈ ಹಗುರಾಯಿತು. ಹಾಸಿಗೆಗೆ ಬಂದು ಬಿದ್ದೆ. ಎರಡು ತಿಂಗಳ ನಿದ್ದೆ ಒಮ್ಮೆಗೇ ನನ್ನ ಮೇಲೆ ಬಿತ್ತು.

ಎಚ್ಚರವಾದಾಗ ಗಡಿಯಾರದಲ್ಲಿ ನಾಲ್ಕಾಗಲು ಹತ್ತು ನಿಮಿಷ. ಪಕ್ಕದ ಹಾಸಿಗೆ ಖಾಲಿಯಿತ್ತು.

ಹೊರಗೆ ಓಡಿದೆ. ಮಹಾದೇವಿ ನೆಲದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಶಾಲು ಜಾರಿ ಕೆಳಗೆ ಬಿದ್ದಿತ್ತು. ಕಣ್ಣು ತೆರೆದಿದ್ದವು, ಗೇಟಿನ ಕಡೆ. ಹೆಸರು ಹಿಡಿದು ಕರೆದೆ, ತಿರುಗಲಿಲ್ಲ. ಮುಟ್ಟಲು ಕೈ ಚಾಚಿದವನು ಅಲ್ಲೇ ನಿಂತುಬಿಟ್ಟೆ. ಒಂದು ಗೇಣು ದೂರದಲ್ಲಿ ಕೈ ನಿಂತಿತ್ತು, ಮುಂದೆ ಹೋಗಲು ಅದಕ್ಕೆ ಧೈರ್ಯವಿರಲಿಲ್ಲ. ಆಗ ಅವಳ ತುಟಿ ಅಲ್ಲಾಡಿತು.

"ಥಮ್" ಎಂದಳು.

ಜೀವ ಬಂದಂತಾಯಿತು. ಹೆಂಡತಿಯ ಬಾಯಲ್ಲಿ ಆ ಮಾತು ಕೇಳಿ ಸಂತೋಷಪಟ್ಟವನು ಲೋಕದಲ್ಲಿ ನಾನೊಬ್ಬನೇ ಇರಬೇಕು. ಗಡಬಡಿಸಿ ಉತ್ತರ ಹೇಳಿ ಬದಲಿ ಮಾಡಿಕೊಂಡೆ.

ಬೆಳಗಾದ ಮೇಲೆ ಅವಳನ್ನು ಬೈದೆ. ಅವಳು ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡಳು. ಆಮೇಲೆ, "ಒಬ್ರೇ ಕುಂತ್ರ ಒಬ್ರು ಸಾಯ್ತಾರ. ಇಬ್ರೂ ಹಂಚಿಕೊಂಡ್ರ ಇಬ್ರೂ ಬದಕ್ತೇವಿ" ಎಂದಳು.

ಈಗ ಹಾಗೆಯೇ ನಡೆದಿದೆ. ಹನ್ನೆರಡಕ್ಕೆ ನನ್ನಿಂದ ಇಸಿದುಕೊಂಡು ಎರಡೂವರೆಯ ತನಕ ಅವಳು. ಮೊದಲ ಪಾಳಿ ತನಗೇ ಬೇಕು ಎಂಬುದು ಅವಳ ಹಟ. ಎರಡೂವರೆಯಿಂದ ಬಾಂಗ್ ಆಗುವ ತನಕ ನಾನು. ಗೇಟಿನ ಕಡೆ ನಾವು ಏನನ್ನು ಕಾಯುತ್ತಿದ್ದೇವೆ, ಇದು ಯಾವಾಗ ಮುಗಿಯುತ್ತದೆ, ಗೊತ್ತಿಲ್ಲ. ಹಗಲು ಎಲ್ಲರಂತೆ ಇರುತ್ತೇವೆ. ಮಾರ್ಕೆಟ್ಟಿಗೆ ಹೋಗುತ್ತೇವೆ, ಮದುವೆಗಳಲ್ಲಿ ಊಟ ಮಾಡುತ್ತೇವೆ. ನೆಂಟರ ಮನೆಯಲ್ಲಿ ಉಳಿಯಿರಿ ಎಂದರೆ ಏನಾದರೂ ನೆಪ ಹೇಳಿ ಬಂದುಬಿಡುತ್ತೇವೆ.

ಅವಳ ಪಾಳಿಯಲ್ಲಿ ನಾನು ಕಣ್ಣು ಮುಚ್ಚಿಕೊಂಡಿರುತ್ತೇನೆ, ಮಲಗುವುದಿಲ್ಲ. ಎರಡೂವರೆಗೆ ಎದ್ದು ಕತ್ತಲಲ್ಲಿ ಅವಳ ಹತ್ತಿರ ಹೋಗುತ್ತೇನೆ. ಬದಲಿಯ ಮಾತು ಆಮೇಲೆ. ಮೊದಲು ಬಗ್ಗಿ ಅವಳ ಮಣಿಕಟ್ಟು ಮುಟ್ಟಿ ನೋಡುತ್ತೇನೆ. ನಿನ್ನೆ ರಾತ್ರಿಯ ತನಕ ಬೆಚ್ಚಗೇ ಇದೆ.